ಕಳ್ಳಂಬೆಳ್ಳದಿಂದ ಶಿರಾಕ್ಕೆ ಬಂದ ಬೆಳಕು

ಬಂದು ಸೇರಿತು. ನನ್ನ ಮೊಮ್ಮಗಳಿಗೆ ಕಳ್ಳಂಬೆಳ್ಳದಿಂದ ಕಳಿಸಿದ್ದು ಶಿರಾಕ್ಕೆ ಬಂದು ಸೇರಿತು. ದಾರಿಯಲ್ಲಿ ಸೋರಬೇಕಾದದ್ದು ಸೋರಿತು, ಹೋಗಬೇಕಾದದ್ದು ಹೋಯಿತು. ಆದರೂ ಕಳಿಸುವಾಗ ಹೇಗಿತ್ತೋ ಹಾಗೆಯೇ ಬಂತು. ಇದನ್ನು ಮೊದಲು ಬರೆದುಬಿಡುತ್ತೇನೆ. ಮಿಕ್ಕಿದ್ದೆಲ್ಲ ಆಮೇಲೆ.

ಮಧ್ಯಾಹ್ನ ಫೋನು ಬಂದಾಗ ನಾನು ಒಲೆ ಮುಂದೆ ಕೂತು ವಡೆ ತಟ್ಟುತ್ತಿದ್ದೆ. ಅವತ್ತು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಸೊಸೆ ಫೋನನ್ನು ನನ್ನ ಕಿವಿಗೆ ಹಿಡಿದಳು.

“ಅಜ್ಜಿ, ಬಂತು” ಅಂದಳು ಮೊಮ್ಮಗಳು. ಅಷ್ಟೇ.

“ಪೂರ್ತಿ ಬಂತೇನವ್ವಾ?” ಅಂದೆ.

“ಪೂರ್ತಿ ಕಣಜ್ಜಿ.”

ಎಣ್ಣೆಯಲ್ಲಿದ್ದ ವಡೆ ಕರ್ರಗಾಯಿತು. ಆಗಲಿ ಅಂದುಕೊಂಡೆ. ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಬೀದಿಗೆ ಬಂದೆ. ಎದುರು ಮನೆಯವನು ಜಗಲಿ ಮೇಲೆ ಕೂತು ಬಾಳೆ ಎಲೆ ಒರೆಸುತ್ತಿದ್ದ. ಅವನಿಗೆ ಹೇಳಿದೆ. ಅವನ ಹೆಂಡತಿಗೂ ಹೇಳಿದೆ, ನೀರು ಹೊತ್ತು ಬರುತ್ತಿದ್ದವಳನ್ನು ನಿಲ್ಲಿಸಿ ಅವಳಿಗೂ ಹೇಳಿದೆ.

“ಕಳ್ಳಂಬೆಳ್ಳದಿಂದ ಶಿರಾಕ್ಕೆ ಬಸ್ಸೇ ಬತ್ತೈತಲ್ಲಜ್ಜಿ” ಅಂದ ಎದುರು ಮನೆಯವನು. “ಬಸ್ನಾಗೆ ಕಳಿಸಕ್ಕಾಗದಂಥದ್ದು ಅದೇನು ತರಿಸ್ಕೊಂಡ್ಲು ನಿನ್ ಮೊಮ್ಮಗಳು?”

“ಬೆಳಕು ಕಣ್ಲಾ.”

“ಬೆಳಕಾ? ನಮ್ಮೂರಿಗೆ ಕರೆಂಟೇ ನೆಟ್ಟಗೆ ಬರಲ್ಲ. ಮೊದ್ಲು ಅದನ್ನ ಕಳಿಸಕ್ಕೇಳು.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂದು, ಒರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಹಿಟ್ಟು ಮಾಡಿಕೊಂಡೆ.

ಆ ಸಂತೋಷವನ್ನು ಬರೆಯಬೇಕೆಂದೇ ಈಗ ಕೂತಿರುವುದು. ಆದರೆ ಕೂತರೆ, ಅದಕ್ಕೆ ಮೊದಲಿನ ಕತ್ತಲೆಯೇ ಮುಂದೆ ಬಂದು ನಿಲ್ಲುತ್ತದೆ. ಅದನ್ನು ದಾಟದೆ ಸಂತೋಷದ ಹತ್ತಿರ ಹೋಗಲು ನನಗೆ ದಾರಿ ಗೊತ್ತಿಲ್ಲ.

ಇವಳು ನನ್ನ ಕಿರಿ ಮಗಳ ಮಗಳು. ಕಿರಿ ಮಗಳನ್ನು ಪಾವಗಡದ ಕಡೆಗೆ ಕೊಟ್ಟಿದ್ದೆವು. ಅಳಿಯ ಬಸ್ಸಿನಲ್ಲಿ ಕಂಡಕ್ಟರು. ಮನೆಯಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಮಗಳು ಅಲ್ಲಿಗೆ ಹೋಗಿ ವರ್ಷ ತುಂಬುವುದರೊಳಗೇ ತೆಲುಗಿನಲ್ಲಿ ಜಗಳವಾಡುವಷ್ಟು ಕಲಿತಿದ್ದಳು. ಕೂಸಿಗೆ ಇನ್ನೂ ಸರಿಯಾಗಿ ಮಾತು ಬಂದಿರಲಿಲ್ಲ, ಅಷ್ಟರಲ್ಲಿ ಮಗಳಿಗೆ ಜ್ವರ ಬಂತು. ತುಮಕೂರಿನ ಆಸ್ಪತ್ರೆಗೆ ತನ್ನ ಕಾಲಲ್ಲಿ ನಡೆದುಕೊಂಡು ಹೋದಳು. ವಾಪಸು ಬರುವಾಗ ನಾಲ್ಕು ಜನ ಇಳಿಸಬೇಕಾಯಿತು.

ಕೂಸನ್ನು ಎತ್ತಿಕೊಂಡು ನಾನು ಗೌಡಗೆರೆ ಹತ್ತಿರದ ನಮ್ಮ ಊರಿಗೆ ಬಂದೆ. ಅಳಿಯ ಮತ್ತೆ ಮದುವೆಯಾಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ, ಮಗಳಿಗೆ ಬಿಸ್ಕತ್ತಿನ ಪೊಟ್ಟಣ ಹಿಡಿದುಕೊಂಡು ಬರುತ್ತಿದ್ದ. ಬಂದವನು ಹೆಚ್ಚು ಮಾತಾಡುತ್ತಿರಲಿಲ್ಲ. ಬಸ್ಸಿನಲ್ಲಿ ಇಡೀ ದಿನ ಕೂಗಿ ಕೂಗಿ, ಮನೆಗೆ ಬಂದರೆ ಅವನಲ್ಲಿ ಮಾತೇ ಉಳಿದಿರುತ್ತಿರಲಿಲ್ಲವೇನೋ.

ಕೂಸಿಗೆ ತಾಯಿಯ ನೆನಪು ಒಂದಿಷ್ಟೂ ಇರಲಿಲ್ಲ. ಇರುವುದು ಒಂದೇ ಮದುವೆ ಫೋಟೋ. ಅದರಲ್ಲಿ ಅವಳು ತಲೆ ತಗ್ಗಿಸಿದ್ದಾಳೆ. ಬಾಸಿಂಗ ಹಣೆಯನ್ನೆಲ್ಲ ಮುಚ್ಚಿದೆ, ಕಾಣುವುದು ಮೂಗು ಮತ್ತು ಗಲ್ಲ. “ನಮ್ಮಮ್ಮ ಹೆಂಗಿದ್ಲು?” ಅಂತ ಕೂಸು ಕೇಳುತ್ತಿತ್ತು. ನಾನು ನನಗೆ ತೋಚಿದ್ದು ಹೇಳುತ್ತಿದ್ದೆ. ನನ್ನ ಹಿರಿ ಮಗಳು ಮಧುಗಿರಿಯಿಂದ ಬಂದಾಗ ಅವಳನ್ನೂ ಕೇಳುತ್ತಿತ್ತು, ಅವಳು ಇನ್ನೇನೋ ಹೇಳುತ್ತಿದ್ದಳು. ಅಳಿಯನನ್ನು ಕೇಳಿದರೆ “ಮಂಚಿದಮ್ಮಾ, ಒಳ್ಳೇಳಿದ್ಲು” ಅಂದು ಆಚೆ ನೋಡುತ್ತಿದ್ದ. ಒಬ್ಬೊಬ್ಬರ ಬಳಿ ಒಂದೊಂದು ಚೂರು. ಆ ಚೂರೂ ವರ್ಷ ಕಳೆದಂತೆ ಸವೆಯುತ್ತಿತ್ತು. ಅವಳ ದನಿ ಹೇಗಿತ್ತು ಅನ್ನುವುದು ಈಗ ನನಗೆ ಮರೆತುಹೋಗಿದೆ. ಹೆತ್ತವಳಿಗೇ ಮರೆತುಹೋಗಿದೆ.

ನಮ್ಮ ಕಡೆ ಹಿರಿಯರ ಹಬ್ಬದ ಸಂಜೆ ಎಡೆ ಇಡುತ್ತೇವೆ. ಗೋಡೆ ಪಕ್ಕ ಹೊಸ ಬಟ್ಟೆ ಮಡಿಸಿಟ್ಟು, ಸತ್ತವರು ಇಷ್ಟಪಟ್ಟು ತಿನ್ನುತ್ತಿದ್ದುದನ್ನೆಲ್ಲ ಬಾಳೆ ಎಲೆಗೆ ಬಡಿಸಿ, ದೀಪ ಹಚ್ಚಿ, ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಳ್ಳುತ್ತೇವೆ. ಅದು ಅವರು ಬಂದು ಉಣ್ಣುವ ಹೊತ್ತು. ಯಾರೂ ಇಣುಕಬಾರದು. ಸ್ವಲ್ಪ ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಡೆಯನ್ನು ಹಂಚಿಕೊಂಡು ಎಲ್ಲರೂ ಊಟಕ್ಕೆ ಕೂರುತ್ತೇವೆ. ಮದುವೆ ಮಾಡಿ ಕೊಟ್ಟ ಹೆಣ್ಣಿಗೆ ತವರಿನಲ್ಲಿ ಎಡೆ ಇಡುವ ರೂಢಿ ಇಲ್ಲ. ಆದರೆ ಕೂಸು ಇಲ್ಲಿತ್ತಲ್ಲ. ಅಳಿಯನೇ ಸೀರೆ ತಂದು, “ಇಲ್ಲೇ ಇಡಾನ ಅತ್ತೆ, ಮಗಳಿರೋ ಕಡೀಕೆ ಬತ್ತಾಳೆ” ಅಂದ. ಅವತ್ತಿನಿಂದ ನಮ್ಮ ಯಜಮಾನರ ಪಂಚೆಯ ಪಕ್ಕ ಅವಳ ಸೀರೆ.

ಕೂಸು ಒಂದನೇ ಕ್ಲಾಸಿಗೆ ಹೋಗುತ್ತಿದ್ದ ವರ್ಷ ಅದು ನಡೆದದ್ದು. ನಮ್ಮ ಬಾಗಿಲು ಎರಡು ರೆಕ್ಕೆಯದು, ನಡುವೆ ಬೆರಳು ತೂರುವಷ್ಟು ಸಂದು. ಎಲ್ಲರೂ ಹೊರಗೆ ನಿಂತಿದ್ದಾಗ ಅವಳು ಆ ಸಂದಿಗೆ ಕಣ್ಣಿಟ್ಟು ನಿಂತಿದ್ದಳು. ನನ್ನ ಹಿರಿ ಮಗಳು ನೋಡಿ, ಭುಜ ಹಿಡಿದು ಎಳೆದಳು.

“ಏನೇ ಮಾಡ್ತಿದ್ದೀಯ?”

“ಯಾರೂ ಇಲ್ಲ ದೊಡ್ಡಮ್ಮ. ದೀಪ ಒಂದೇ ಐತೆ.”

“ನೀನು ನೋಡ್ದಲ್ಲ, ಅದಕ್ಕೇ ಬಂದೋಳು ಒಂಟೋದ್ಲು. ನೋಡಿದ್ರೆ ನಿಂತ್ಕೋತಾರೇನೇ ಅವ್ರು?”

ತಂಗಿಯನ್ನು ಕಳೆದುಕೊಂಡವಳ ಬಾಯಿಂದ ಬಂದ ಮಾತು ಅದು. ಕೆಟ್ಟ ಮನಸ್ಸಿನಿಂದ ಬಂದದ್ದಲ್ಲ. ಕೂಸು ಅಳಲಿಲ್ಲ. ಅತ್ತಿದ್ದರೆ ಸರಿಹೋಗುತ್ತಿತ್ತು. ಅವತ್ತು ಎಲೆ ಮುಂದೆ ಕೂರಲಿಲ್ಲ, ಕರೆದರೆ ಹೊಟ್ಟೆನೋವು ಅಂದಳು. ಮುಂದಿನ ವರ್ಷದ ಹಬ್ಬಕ್ಕೂ ಹೊಟ್ಟೆನೋವು. ಅದರ ಮುಂದಿನ ವರ್ಷ ಅಪ್ಪನ ಜೊತೆ ಪಾವಗಡಕ್ಕೆ ಹೋಗುತ್ತೇನೆ ಅಂತ ಹಟ. ಹಾಸ್ಟೆಲ್ಲು ಸೇರಿದ ಮೇಲೆ ನೆಪವೇ ಬೇಕಾಗಲಿಲ್ಲ. ಯುಗಾದಿಗೆ ಬರುತ್ತಿದ್ದಳು, ದೀಪಾವಳಿಗೆ ಬರುತ್ತಿದ್ದಳು. ಹಿರಿಯರ ಹಬ್ಬಕ್ಕೆ ಮಾತ್ರ ಬರುತ್ತಿರಲಿಲ್ಲ. ಹಿರಿ ಮಗಳಿಗೂ ಅದು ಗೊತ್ತಿತ್ತು. ಅವತ್ತಿನಿಂದ ಪ್ರತಿ ಹಬ್ಬಕ್ಕೂ ಅವಳು ಆ ಸಂದಿಗೆ ಬೆನ್ನು ಕೊಟ್ಟು ನಿಲ್ಲುತ್ತಾಳೆ. ಯಾಕೆ ಅಂತ ಯಾರೂ ಕೇಳಿಲ್ಲ.

ಮೊಮ್ಮಗಳು ತುಮಕೂರಿನಲ್ಲಿ ಓದಿದಳು, ಆಮೇಲೆ ಬೆಂಗಳೂರಿನಲ್ಲಿ. ಓದು ಮುಗಿಯಿತಾ ಅಂದರೆ, ಇಲ್ಲ, ಈಗ ಸಂಶೋಧನೆ ಅಂದಳು. ಬೆಳಕಿನ ಮೇಲೆ. ಅದನ್ನು ನಾನು ಹೆಚ್ಚು ಕೆದಕಲಿಲ್ಲ. ಅವಳಿಗೆ ಅದು ಬೇಕಿತ್ತು, ಅಷ್ಟು ಸಾಕಿತ್ತು ನನಗೆ.

ಈ ವರ್ಷ ಮಳೆಗಾಲ ಶುರುವಾಗುವಾಗ ಒಂದು ದಿನ ಬ್ಯಾಗು ಹೊತ್ತುಕೊಂಡು ಬಂದಳು. ನಮ್ಮ ಹೆದ್ದಾರಿಯ ಪಕ್ಕದಲ್ಲಿ ನೆಲದಡಿ ಗಾಜಿನ ತಂತಿ ಹಾಕಿದ್ದಾರೆ, ಫೋನು ಇಂಟರ್ನೆಟ್ಟು ಎಲ್ಲ ಓಡುವುದು ಅದರಲ್ಲೇ. ಅದರೊಳಗೆ ಕೂದಲಿನಷ್ಟು ಸಣ್ಣ ಎಳೆಗಳು. ಯಾರೂ ಬಳಸದ ಒಂದು ಎಳೆಯನ್ನು ಕಳ್ಳಂಬೆಳ್ಳದಿಂದ ಶಿರಾದವರೆಗೆ ಅವಳ ಕೆಲಸಕ್ಕೆ ಅಂತ ಕೊಟ್ಟಿದ್ದರು. ಕಳ್ಳಂಬೆಳ್ಳದ ತುದಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಹುಡುಗಿ, ಶಿರಾದ ತುದಿಯಲ್ಲಿ ಇವಳು. ಅಲ್ಲಿಂದ ಕಳಿಸಿದ್ದು ಇಲ್ಲಿಗೆ ಸರಿಯಾಗಿ ಬರಬೇಕು. ಮಹಾಲಯ ಅಮಾವಾಸ್ಯೆ ಕಳೆದ ಮೇಲೆ ಎಳೆಯನ್ನು ವಾಪಸು ತೆಗೆದುಕೊಳ್ಳುತ್ತೇವೆ ಅಂತ ತಂತಿಯವರು ಮೊದಲೇ ಹೇಳಿದ್ದರು. ಮೂರು ನಾಲ್ಕು ವರ್ಷದ ಅವಳ ಕೆಲಸಕ್ಕೆ ಅದೊಂದೇ ಪರೀಕ್ಷೆ.

ದಿನಾ ಬೆಳಿಗ್ಗೆ ಬಸ್ಸು ಹತ್ತಿ ಶಿರಾಕ್ಕೆ ಹೋಗುತ್ತಿದ್ದಳು, ಸಂಜೆ ಬರುತ್ತಿದ್ದಳು. ಬರುವಾಗ ಮುಖ ನೋಡಿದರೆ ಸಾಕು, ಇವತ್ತೂ ಇಲ್ಲ ಅಂತ ಗೊತ್ತಾಗುತ್ತಿತ್ತು. ಅನ್ನ ಕಲಸುತ್ತಿದ್ದಳು, ತಿನ್ನುತ್ತಿರಲಿಲ್ಲ.

ಒಂದು ಭಾನುವಾರ ನಾನು ಮೊರದ ತುಂಬ ಕಡಲೆಕಾಯಿ ಹಾಕಿಕೊಂಡು ಸುಲಿಯುತ್ತಿದ್ದೆ. ಪಕ್ಕ ಬಂದು ಕೂತು ತಾನೂ ಸುಲಿಯತೊಡಗಿದಳು. ಅವತ್ತು ಕೇಳಿಯೇಬಿಟ್ಟೆ.

“ಅದೇನವ್ವಾ ಅದು, ಬರ್ದೇ ಇರೋದು?”

ಅವಳು ಒಂದು ಬೀಜ ಎತ್ತಿ ಅಂಗೈಯಲ್ಲಿ ಇಟ್ಟುಕೊಂಡಳು. “ಬೆಳಕೂ ಇಂಗೇ ಕಾಳುಕಾಳಾಗೇ ಇರೋದು ಅಜ್ಜಿ. ಆ ಒಂದೊಂದು ಕಾಳಿನ ಮೇಲೂ ಒಂದು ವಿಷಯ ಕೂರಿಸಿ ಕಳಿಸ್ತೀವಿ. ಕಾಳು ಇಂಗೂ ವಾಲಿಲ್ಲ, ಅಂಗೂ ವಾಲಿಲ್ಲ, ಎರಡರ ನಡುವೆ ಎಲ್ಲೋ ಐತೆ, ಅಂಥಾ ವಿಷಯ. ದಾರೀಲಿ ಯಾರಾದ್ರೂ ಇಣುಕಿ ನೋಡಿದ್ರೆ ಯಾವುದಾದ್ರೂ ಒಂದು ಕಡೆಗೆ ಬಿದ್ದೋಗುತ್ತೆ. ಮೊದ್ಲಿದ್ದುದು ಓಯ್ತು, ಮತ್ತೆ ಸಿಗಲ್ಲ.”

ಇಣುಕಿ ಅನ್ನುವ ಮಾತು ಬಂದಾಗ ನಾನು ತಲೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

“ಯಾರೂ ಇಣುಕದಿದ್ರೆ ಬರುತ್ತಲ್ಲ ಮತ್ತೆ?”

“ಅದೇ ತಾಪತ್ರಯ. ಗಾಜು ಎಷ್ಟೇ ಚೆನ್ನಾಗಿರ್ಲಿ, ದಾರೀಲಿ ಕಾಳು ಕಳೆದೋಗ್ತವೆ. ಗಾಜೇ ನುಂಗುತ್ತೆ, ತಂತಿ ಬೆಸೆದಿರೋ ಕಡೆ ಸೋರುತ್ತೆ.”

“ಅದನ್ನೇ ಇನ್ನೊಂದು ಮಾಡಿ ಇಟ್ಕೊಂಡಿರೋದಪ್ಪ. ಒಂದು ಓದ್ರೆ ಇನ್ನೊಂದು.”

“ಅಂಗೆ ಮಾಡಕ್ಕೆ ಬರಲ್ಲ ಅಜ್ಜಿ. ಇದನ್ನ ನೋಡಿ ಇನ್ನೊಂದು ಮಾಡಕ್ಕೆ ಯಾರ ಕೈಲೂ ಆಗಲ್ಲ.”

“ಮತ್ತೆ ಏನ್ ಮಾಡ್ತೀಯ?”

ಮೊರದಿಂದ ಒಂದು ಹಿಡಿ ಬೀಜ ತೆಗೆದು ನೆಲದ ಮೇಲೆ ಹರಡಿದಳು. “ಒಂದೇ ಕಾಳಿನ ಮೇಲೆ ಕೂರಿಸದೆ, ಇಷ್ಟರ ಮೇಲೂ ಹರಡಿಬಿಡ್ತೀನಿ. ಯಾವ ಒಂದು ಕಾಳಲ್ಲೂ ಅದು ಇರಲ್ಲ, ಎಲ್ಲಾ ಸೇರಿದ್ರೆ ಇರುತ್ತೆ. ದಾರೀಲಿ ಕೆಲವು ಕಳೆದೋದ್ರೂ ಮಿಕ್ಕಿದ್ದು ಜೋಡಿಸಿ ಪೂರ್ತಿ ಮಾಡ್ಕೋಬೋದು. ಯಾವ್ಯಾವುದು ಬರ್ಲಿಲ್ಲ ಅನ್ನೋದು ಗೊತ್ತಾಗ್ಬೇಕು, ಅಷ್ಟೇ.”

“ಜೋಡಿಸ್ಬೇಕಾದ್ರೆ ನೋಡ್ಬೇಕಲ್ಲ? ನೋಡಿದ್ರೆ ಕೆಡುತ್ತೆ ಅಂದಲ್ಲ?”

ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಒಂದು ಚೂರು ನಗು ಕಂಡೆ. “ನೋಡಲ್ಲ. ಕೇಳ್ತೀವಿ. ಬಂದಿರೋ ಕಾಳುಗಳನ್ನ, ನೀವಿಬ್ರೂ ಒಪ್ತೀರಾ ಅಂತ ಕೇಳ್ತೀವಿ. ಏನಂತ ಒಪ್ತೀರಿ ಅಂತ ಕೇಳಬಾರ್ದು. ಒಪ್ತೀರೋ ಇಲ್ವೋ, ಅಷ್ಟೇ. ಅದರಿಂದ್ಲೇ ಎಲ್ಲಿ ಕೆಟ್ಟೈತೆ ಅಂತ ಗೊತ್ತಾಗುತ್ತೆ, ಸರಿ ಮಾಡ್ತೀವಿ. ಪರೀಕ್ಷೆಗೆ ಅಂತ ಕಳಿಸಿದ್ದು ಮಾತ್ರ ಎಲ್ಲಾ ಆದ್ಮೇಲೆ ತೆಗೆದು ತಾಳೆ ನೋಡ್ತೀವಿ, ಕಳಿಸಿದ್ದೇ ಬಂತಾ ಅಂತ.”

“ಮತ್ತೆ ಬರ್ದೇ ಇರೋದಕ್ಕೆ ಏನು ಕಷ್ಟ?”

ನಗು ಹೋಯಿತು. ಹರಡಿದ್ದ ಬೀಜದಲ್ಲಿ ಅರ್ಧವನ್ನು ಕೈಯಿಂದ ಆಚೆಗೆ ಸರಿಸಿದಳು. “ಅರ್ಧ ಕಳೆದೋದ್ರೆ ಏನೂ ಮಾಡಕ್ಕಾಗಲ್ಲ ಅಜ್ಜಿ. ಉಳಿದ ಅರ್ಧದಿಂದ ಪೂರ್ತಿ ಮಾಡ್ಕೋಬೋದು ಅನ್ನೋದಾದ್ರೆ, ಕಳೆದೋದ ಅರ್ಧ ಸಿಕ್ಕಿದೋರೂ ಪೂರ್ತಿ ಮಾಡ್ಕೋಬೋದಲ್ವಾ? ಆಗ ಎರಡಾಗುತ್ತೆ. ಇದು ಎರಡಾಗೋದಲ್ಲ. ಇರೋದು ಒಂದೇ. ಈಗ ರಸ್ತೆ ಅಗೀತಾವ್ರಲ್ಲ, ಮೇಲ್ಸೇತುವೆಗೆ ಅಂತ, ಅಲ್ಲಿ ತಂತೀನ ಗುಂಡಿಯಿಂದ ಎತ್ತಿ ಕಂಬಕ್ಕೆ ನೇತಾಕವ್ರೆ. ಜೆಸಿಬಿ ಓಡಾಡಿದಂಗೆಲ್ಲಾ ಅದು ಅಲುಗಾಡುತ್ತೆ, ಬಾಗುತ್ತೆ. ಅರ್ಧಕ್ಕಿಂತ ಹೆಚ್ಚು ಅಲ್ಲೇ ಓಗ್ತೈತೆ.”

ನನ್ನ ಮಗಳು ನೆನಪಾದಳು. ಅವಳೂ ಎರಡಾಗುವವಳಲ್ಲ. ನಮ್ಮಲ್ಲಿ ಯಾರೊಬ್ಬರ ಬಳಿಯೂ ಅವಳಿಲ್ಲ. ಅವಳನ್ನು ಈ ಕೂಸಿಗೆ ತಲುಪಿಸಬೇಕಾದ ನಾವು ಮೂರು ಜನ, ಮೂರು ಊರಿನಲ್ಲಿ ಕೂತು ಎಷ್ಟು ಕಳೆದಿದ್ದೇವೋ. ಅರ್ಧಕ್ಕಿಂತ ಹೆಚ್ಚೇ ಕಳೆದಿರಬೇಕು ಅನ್ನಿಸಿ, ಸುಲಿದ ಬೀಜವೂ ಸಿಪ್ಪೆಯೂ ಒಂದೇ ರಾಶಿಗೆ ಬೀಳತೊಡಗಿದವು.

ಆಮೇಲಿನ ದಿನಗಳು ಇನ್ನೂ ಕೆಟ್ಟವು. ತಂತಿಯವರನ್ನು ಕೇಳಿದಳು, ರಸ್ತೆಯವರನ್ನು ಕೇಳಿದಳು. ಪಾಪ, ಅವರದೂ ಕೆಲಸ. ಒಂದು ಹುಡುಗಿಯ ಬೆಳಕಿಗಾಗಿ ರಸ್ತೆ ನಿಲ್ಲಿಸುತ್ತಾರೆಯೇ? ನನ್ನ ಮಗನಿಗೆ ಅವಳ ಮೇಲೆ ಪ್ರಾಣ. ಆದರೆ ಅವನ ಪ್ರೀತಿ ಯಾವಾಗಲೂ ಬಾಯಿಯಲ್ಲಿ ಗದರಿಕೆಯಾಗಿಯೇ ಬರುವುದು. “ಊಟ ಬುಟ್ರೆ ಬೆಳಕು ಬತ್ತೈತೇನಮ್ಮಿ? ಅಂಗಾದ್ರೆ ನಾವೂ ಬುಟ್ಟು ಕೂತ್ಕೋತೀವಿ” ಅನ್ನುತ್ತಿದ್ದ. ಅವಳು ಎದ್ದು ಕೈ ತೊಳೆಯುತ್ತಿದ್ದಳು.

“ಈ ಸಲ ಆಗ್ಲಿಲ್ಲ ಅಂದ್ರೆ ಇದನ್ನ ಬುಟ್ಬುಡ್ತೀನಿ ಅಜ್ಜಿ” ಅಂದಳು ಒಂದು ದಿನ. “ಎಲ್ಲಾದ್ರೂ ಪಾಠ ಏಳ್ಕೊಡ್ತಾ ಇದ್ಬುಡ್ತೀನಿ.”

ಆ ದನಿ ನನಗೆ ಗೊತ್ತಿತ್ತು. ಹೊಟ್ಟೆನೋವು ಅನ್ನುತ್ತಿದ್ದ ದನಿಯೇ ಅದು. ಈಗ ಬಿಟ್ಟರೆ, “ನಾನು ನೋಡಿದೆ, ಅದಕ್ಕೇ ಅಮ್ಮ ಬರಲಿಲ್ಲ” ಅನ್ನುವ ಅವಳ ಹಳೆಯ ಲೆಕ್ಕಕ್ಕೆ ಇದೂ ಸೇರಿಕೊಳ್ಳುತ್ತದೆ ಅಂತ ಹೆದರಿಕೆಯಾಯಿತು.

ಮರುದಿನ ಬುತ್ತಿ ಕಟ್ಟಿಕೊಂಡು ನಾನೇ ಶಿರಾಕ್ಕೆ ಹೋದೆ. ಅವಳು ಕೂರುವ ಕೋಣೆ ಒಂದು ಕಡಲೆಕಾಯಿ ಮಂಡಿಯ ಹಿಂದೆ. ಅಂಗಳದ ತುಂಬ ಮೂಟೆ, ಕಾಲಡಿ ಸಿಪ್ಪೆ. ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಬಡಿದಿದ್ದರು, ಬಾಗಿಲು ಮುಚ್ಚಿತ್ತು. ಮಂಡಿಯ ಸಾಹೇಬರು ನನ್ನನ್ನು ನೋಡಿ ಎದ್ದು ಬಂದರು.

“ಕೂತ್ಕೊಳ್ಳಿ ಅಮ್ಮಾ. ಬಾಗಿಲು ಮಾತ್ರ ಮುಟ್ಬೇಡಿ. ಬೆಳಕು ಒಳಗೋದ್ರೆ ಎಲ್ಲಾ ಖರಾಬ್ ಅಂತೆ. ನಾನು ಒಂದ್ಸಲ ಚಾಯ್ ಕೊಡಾಕೆ ತೆಗ್ದುಬಿಟ್ಟೆ. ಬೇಟಿ ಬೈಲಿಲ್ಲ, ಏನೂ ಅನ್ಲಿಲ್ಲ. ಅದೇ ನಂಗೆ ಜಾಸ್ತಿ ಆಯ್ತು.”

ಮೆಟ್ಟಿಲ ಮೇಲೆ ಕೂತೆ. ಒಳಗಿನಿಂದ ಸದ್ದೇ ಇಲ್ಲ. ಆಗಾಗ ಫೋನಿನಲ್ಲಿ ಕಳ್ಳಂಬೆಳ್ಳದವಳ ಜೊತೆ ಮಾತು: “ಇಲ್ಲ. ಇನ್ನೊಂದ್ಸಲ. ಇಲ್ಲ.” ಬಾಗಿಲ ಕೆಳಗೂ ಬಟ್ಟೆ ತುರುಕಿದ್ದಳು, ಒಂದು ಸಂದೂ ಬಿಟ್ಟಿರಲಿಲ್ಲ. ಮುಚ್ಚಿದ ಬಾಗಿಲ ಮುಂದೆ ಬುತ್ತಿ ತೊಡೆಯ ಮೇಲಿಟ್ಟುಕೊಂಡು, ಒಳಗಿರುವವಳಿಗೆ ಹೊಟ್ಟೆ ಹಸಿದಿದೆಯೋ ಏನೋ ಅಂದುಕೊಳ್ಳುತ್ತಾ ಕೂತೆ. ಮಸೀದಿಯಲ್ಲಿ ಮಧ್ಯಾಹ್ನದ ಬಾಂಗು ಆಯಿತು, ಸಾಹೇಬರು ನಮಾಜಿಗೆ ಹೋಗಿ ಬಂದರು. ನಾನು ಬಾಗಿಲು ತಟ್ಟಲಿಲ್ಲ. ಅವಳು ಹೊರಗೆ ಬಂದಾಗ ಮುದ್ದೆ ಆರಿ ಕಲ್ಲಾಗಿತ್ತು.

“ಯಾವಾಗ ಬಂದೆ ಅಜ್ಜಿ? ಕೂಗ್ಬಾರ್ದಿತ್ತಾ?”

“ನೀನು ತೆಗೀಬೇಕು, ನಾನು ಕೂಗ್ಬಾರ್ದು” ಅಂದೆ. ಅವಳು ನನ್ನನ್ನೇ ನೋಡುತ್ತಾ ಮೆಟ್ಟಿಲ ಮೇಲೆ ಕೂತು ಆ ತಣ್ಣಗಿನ ಮುದ್ದೆಯನ್ನೇ ಮುರಿದಳು.

ಹಬ್ಬ ಹತ್ತಿರ ಬಂತು. ಹಿರಿ ಮಗಳು ಮಧುಗಿರಿಯಿಂದ ಹಿಂದಿನ ದಿನವೇ ಬಂದಳು. ಅಳಿಯ ಪಾವಗಡದಿಂದ ಸೀರೆಯ ಜೊತೆ ಒಂದು ಬುಟ್ಟಿ ಸೀತಾಫಲ ತಂದ, ನನ್ನ ಮಗಳಿಗೆ ಅದೆಂದರೆ ಆಸೆ. ಇಷ್ಟು ವರ್ಷವಾದ ಮೇಲೆ ಮೊಮ್ಮಗಳು ಹಬ್ಬದ ದಿನ ಮನೆಯಲ್ಲಿರುತ್ತಾಳೆ ಅಂತ ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಾಳೆ.

ನನ್ನ ಮಗ ಕೋಳಿ ಹಿಡಿದುಕೊಂಡು ಬಂದವನು ಅಲ್ಲೇ ನಿಂತ. “ಇವತ್ತೂವೆ? ಎಲ್ರೂ ಅವರವರ ಮನೇಗೆ ಓಗಿರ್ತಾರೆ. ರಸ್ತೆ ಕೆಲ್ಸದ ಕೂಲಿಯೋರೂ ನೆನ್ನೇನೇ ಊರಿಗೋದ್ರು. ನೀನೊಬ್ಳು ಅಲ್ಲಿ ಯಾರ ಮಕ ನೋಡ್ತೀಯ?”

“ಅದಕ್ಕೇ ಓಯ್ತಿರೋದು ಮಾವ” ಅಂದಳು. “ಇವತ್ತು ಯಾರೂ ಇರಲ್ಲ. ಜೆಸಿಬಿ ಓಡಲ್ಲ. ತಂತಿ ಸುಮ್ಗಿರುತ್ತೆ. ಇರೋದು ಇದೊಂದೇ ದಿನ.”

ಸುತ್ತಲ ಹಳ್ಳಿಯವರೆಲ್ಲ ಹಿರಿಯರಿಗೆ ಎಡೆ ಇಡಲು ಮನೆಗೆ ಹೋಗಿದ್ದಾರೆ, ಅದರಿಂದ ರಸ್ತೆ ಸುಮ್ಮನಿದೆ. ಇದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ. ನನಗೆ ಕಂಡದ್ದು ಅವಳ ಹೆಗಲಿನ ಬ್ಯಾಗು ಮಾತ್ರ. ಮತ್ತೆ ಹೋಗುತ್ತಾಳೆ. ಹಬ್ಬ ತಪ್ಪಿಸಿಕೊಳ್ಳಲು ಹೋಗುತ್ತಾಳೋ, ಬೆಳಕಿಗಾಗಿ ಹೋಗುತ್ತಾಳೋ, ಅವಳಿಗಾದರೂ ಗೊತ್ತಿತ್ತೋ ಇಲ್ಲವೋ.

ಹಿರಿ ಮಗಳು ಅಡುಗೆ ಮನೆಯಿಂದ ಬಂದು, “ಬಸ್ಸಿಲ್ಲ ಇವತ್ತು ಸರಿಯಾಗಿ” ಅಂದಳು. ಅವಳು ತಡೆಯುತ್ತಾಳೆ ಅಂದುಕೊಂಡೆ. “ಲೇ, ನೀನೇ ಗಾಡೀಲಿ ಬುಟ್ಬಾರ್ಲಾ” ಅಂದಳು ತಮ್ಮನಿಗೆ. “ಕೋಳಿ ನಾನು ನೋಡ್ಕೋತೀನಿ.”

ಅವತ್ತು ಬೆಳಗಿನ ಹೊತ್ತು ಕಳೆದದ್ದು ಹೇಗೆ ಅಂತ ಬರೆಯಲು ಬರುವುದಿಲ್ಲ. ಬೇಳೆ ಬೇಯಲಿಲ್ಲ, ಒಬ್ಬಟ್ಟು ಹರಿಯಿತು. ಅಳಿಯ ಜಗಲಿ ಮೇಲೆ ಕೂತು ಬಸ್ಸಿಗೆ ಕಾಯುವವನಂತೆ ರಸ್ತೆ ನೋಡುತ್ತಿದ್ದ. ಆಮೇಲೆ ಆ ಫೋನು ಬಂತು. ಅದನ್ನು ಮೊದಲೇ ಬರೆದಿದ್ದೇನೆ. ಅಳಿಯನಿಗೆ ಹೇಳಿದಾಗ ಅವನು, “ವಚ್ಚಿಂದಾ ಅತ್ತೆ? ನಿಜಂಗಾ? ನಿಜವಾಗ್ಲೂ ಬಂತಾ?” ಅಂದು ಎರಡೆರಡು ಸಲ ಕೇಳಿದ. ಆಮೇಲೆ ಹಿತ್ತಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದುಕೊಂಡ.

ದೀಪ ಹಚ್ಚುವ ಹೊತ್ತಿಗೆ ಮೊಮ್ಮಗಳು ಬಂದಳು. ನಾನಾಗಿ ಇರು ಅನ್ನಲಿಲ್ಲ. ಕೈಕಾಲು ತೊಳೆದು ಬಂದು ತಾನಾಗಿಯೇ ಎಡೆಯ ಮುಂದೆ ನಿಂತಳು. ಹೊಸ ಸೀರೆಯ ಮಡಿಕೆ ಸರಿಮಾಡಿದಳು, ಸೀತಾಫಲ ಒಂದನ್ನು ಎತ್ತಿ ಮೂಸಿ ಮತ್ತೆ ಎಲೆಯಲ್ಲಿಟ್ಟಳು. ಧೂಪ ಹಾಕಿ ಎಲ್ಲರೂ ಹೊರಗೆ ಬಂದೆವು. ಮಗ ಬಾಗಿಲು ಎಳೆದ.

ಹಿರಿ ಮಗಳು ಎಂದಿನಂತೆ ಹೋಗಿ ಸಂದಿಗೆ ಬೆನ್ನು ಕೊಟ್ಟು ನಿಂತಳು. ನಿಂತವಳು ಯಾಕೋ ಪಕ್ಕಕ್ಕೆ ಸರಿದಳು.

“ನೋಡಂಗಿದ್ರೆ ನೋಡು ಬಾರೆ” ಅಂದಳು, ನೆಲ ನೋಡುತ್ತಾ. “ಅವತ್ತು ನಾನೇನೋ ಅಂದ್ಬುಟ್ಟೆ. ನನಗೂ ಒಳಗೆ ಏನೈತೋ ಗೊತ್ತಿಲ್ಲ ಕಣಮ್ಮ.”

ಸಂದಿನಿಂದ ದೀಪದ ಬೆಳಕು ಒಂದು ಎಳೆಯಾಗಿ ಹೊರಗೆ ಬಂದು ಮೊಮ್ಮಗಳ ಕಾಲ ಮೇಲೆ ಬಿದ್ದಿತ್ತು.

“ಬ್ಯಾಡ ದೊಡ್ಡಮ್ಮ” ಅಂದಳು ಅವಳು. “ನೋಡೋದು ಬ್ಯಾಡ.” ದೊಡ್ಡಮ್ಮನ ಪಕ್ಕ ಹೋಗಿ, ತಾನೂ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎದುರು ಮನೆಯವರೂ ತಮ್ಮ ಬಾಗಿಲು ಮುಚ್ಚಿಕೊಂಡು ಹೊರಗೆ ನಿಂತಿದ್ದರು. ಬೀದಿಯುದ್ದಕ್ಕೂ ಮನೆಯೊಳಗೆಲ್ಲ ದೀಪ, ಹೊರಗೆಲ್ಲ ಜನ. ಹೊತ್ತಾದ ಮೇಲೆ ನಾನು ತಲೆ ಆಡಿಸಿದೆ. ಮೊಮ್ಮಗಳು ತಿರುಗಿ ಮೆಲ್ಲಗೆ ಬಾಗಿಲು ತಟ್ಟಿದಳು.

ಒಳಗೆ ಎಲ್ಲ ಇಟ್ಟ ಹಾಗೆಯೇ ಇತ್ತು. ಸೊಸೆ ಎಲೆ ಹಾಕಿದಳು, ಎಡೆಯಲ್ಲಿದ್ದುದನ್ನು ಸ್ವಲ್ಪ ಸ್ವಲ್ಪ ಎಲ್ಲರ ಎಲೆಗೂ ಬಡಿಸಿದೆ. ಒಂದೇ ಸಾಲಿನಲ್ಲಿ ಕೂತೆವು. ಮಗ, ಅಳಿಯ, ಹಿರಿ ಮಗಳು, ನಡುವೆ ಮೊಮ್ಮಗಳು.

“ಸಾರಿಗೆ ಉಪ್ಪು ಸಾಲ್ದು” ಅಂದ ಮಗ.

“ಅವಳು ಇಷ್ಟೇ ಆಕ್ತಿದ್ದದ್ದು” ಅಂದೆ ನಾನು, ಗೋಡೆ ಪಕ್ಕದ ಸೀರೆಯ ಕಡೆ ನೋಡಿ. “ಉಪ್ಪಿಗೆ ಅವಳ ಕೈ ಯಾವಾಗ್ಲೂ ಬಿಗಿ.”

“ಊಂ, ಆಮೇಲೆ ಎಲೆ ತುದೀಗೆ ಒಂದು ಚಿಟಿಕೆ ಬಡಿಸಿಕ್ಕಿ, ಬೇಕಾದೋರು ಬೆರೆಸ್ಕಳಿ ಅನ್ನೋಳು” ಅಂದಳು ಹಿರಿ ಮಗಳು.

“ಅವುನು ಅತ್ತೆ” ಅಂದ ಅಳಿಯ. ಅವನ ತುತ್ತು ಕೈಯಲ್ಲೇ ನಿಂತಿತ್ತು. “ಎಡಗೈಲಿ ಇಕ್ತಿದ್ಲು, ನಾನು ಬೈತಿದ್ದೆ.”

ಮೊಮ್ಮಗಳು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. “ಮೂರು ಜನಾನೂ ಒಪ್ತೀರಾ?” ಅಂದಳು.

“ಒಪ್ತೀವಿ” ಅಂದೆವು.

ಅವಳು ಎಲೆಯ ತುದಿಯನ್ನು ಬೆರಳಲ್ಲಿ ಒರೆಸಿ, ನನ್ನ ಸೊಸೆಯ ಕಡೆ ಕೈ ಚಾಚಿ ಉಪ್ಪು ಕೇಳಿದಳು. ಒಂದು ಚಿಟಿಕೆ ಅಲ್ಲಿಟ್ಟುಕೊಂಡು ಸಾರು ಬೆರೆಸಿದಳು. ಮುದ್ದೆ ಮುಗಿಯಿತು. ಇನ್ನೊಂದು ಹಾಕಿಸಿಕೊಂಡಳು. ಮಗ ಏನೋ ಅನ್ನಲು ಬಾಯಿ ತೆರೆದವನು, ಕೋಳಿಯ ತುಂಡೊಂದನ್ನು ಎತ್ತಿ ಅವಳ ಎಲೆಗೆ ಹಾಕಿ ತನ್ನ ಊಟಕ್ಕೆ ಬಾಗಿದ.